ಧಣಿ ಸತ್ತ ಶುಕ್ರವಾರಗಳು

ಅಧ್ಯಕ್ಷ ಸ್ಥಾನದಲ್ಲಿರುವ ವಾರಪತ್ರಿಕೆಯ ಸಂಪಾದಕ ಸರ್ವೋತ್ತಮರೇ, ಇಂದು ನಾವು ಶಾಲು ಹೊದಿಸಿ ಗೌರವಿಸುತ್ತಿರುವ ಚಿತ್ರಕಲಾವಿದೆ ಡುಲ್ಸಿನ್ ಬಾಯಿಯವರೇ, ಉರ್ವದ ಈ ಸಭಾಭವನ ತುಂಬಿ ಬಾಗಿಲ ಬಳಿಯೂ ನಿಂತಿರುವ ಸಭಿಕರೇ,

ಅಭಿನಂದನೆಯ ಮಾತಿಗೆ ಈ ಆಶಾಲತಾಳನ್ನೇ ಏಕೆ ಕರೆದರು ಎಂದು ನಿಮಗೆ ಆಶ್ಚರ್ಯವಾಗಿರಬಹುದು. ನನ್ನ ಗಂಡ ಲೋಕನಾಥರನ್ನು ಒಂದಿಡೀ ವರ್ಷ, ಪ್ರತಿ ಶುಕ್ರವಾರ ಕೊಂದವರು ಈಕೆ. ನಗಬೇಡಿ. ಇಲ್ಲ, ನಗಿ, ಆಗಲೂ ನಕ್ಕಿದ್ದೀರಿ.

ಎಪ್ಪತ್ತೊಂಬತ್ತರಲ್ಲಿ ಕುಲಶೇಖರದ ಇಳಿಜಾರಿನಲ್ಲಿ ನಮ್ಮ ಯಜಮಾನರ ಬಸ್ಸುಗಳಲ್ಲೊಂದು ಬ್ರೇಕ್ ಹಿಡಿಯದೆ ಮರಕ್ಕೆ ಗುದ್ದಿತು. ಡ್ರೈವರ್ ವಾಲ್ಟರ್ ಸೀಟಿನಲ್ಲೇ ತೀರಿಕೊಂಡ. ಬ್ರೇಕ್ ಸರಿ ಮಾಡಿಸಿ ಎಂದು ಅವನು ನಮ್ಮ ಅಂಗಳಕ್ಕೇ ಬಂದು ಕೇಳಿದ್ದ. ಚಹಾ ಕೊಟ್ಟವಳು ನಾನೇ. ಕೋರ್ಟಿನಲ್ಲಿ ನಮ್ಮ ಯಜಮಾನರು, "ಅವನು ಕುಡಿದಿದ್ದ" ಎಂದರು. ಕೇಸು ಮುಗಿಯಿತು. ವಾಲ್ಟರನ ತಂಗಿಯೇ ಈ ಡುಲ್ಸಿನ್ ಬಾಯಿ.

ಅವರು ಕಲ್ಲು ಹೊಡೆದರೇ? ಶಾಪ ಹಾಕಿದರೇ? ಪೆನ್ನು ಹಿಡಿದರು. ಶುಕ್ರವಾರಕ್ಕೊಮ್ಮೆ ಬರುವ ಸರ್ವೋತ್ತಮರ ಪತ್ರಿಕೆಯ ಕೊನೆಯ ಪುಟದಲ್ಲಿ 'ಧರ್ಮಪ್ಪ ಧಣಿ' ಎಂಬ ಚಿತ್ರಕಥೆ ಶುರುವಾಯಿತು. ಮೇಲೆ 'ಮಕ್ಕಳಿಗಲ್ಲ' ಎಂದು ಬರೆದಿತ್ತು. ಹಾಗಾಗಿ ಮಕ್ಕಳೂ ಓದಿದರು. ಧಣಿಗೆ ನಮ್ಮವರದೇ ಹೊಟ್ಟೆ, ನಮ್ಮವರದೇ ಮೀಸೆ. ಸತ್ತ ಡ್ರೈವರನ ತಂಗಿ ವಾರಕ್ಕೊಮ್ಮೆ ಅವನ ಸುತ್ತಲಿನ ಏನನ್ನಾದರೂ ಕೆಡಿಸಿಡುತ್ತಾಳೆ. ಒಂದು ವಾರ ಫ್ಯಾನು ಕಳಚಿ ಬೀಳುತ್ತದೆ. ಇನ್ನೊಂದು ವಾರ ಹಲ್ಲಿನ ಡಾಕ್ಟರರ ಕುರ್ಚಿ ಮಡಚಿಕೊಂಡು ಧಣಿಯನ್ನು ನುಂಗುತ್ತದೆ. ಸತ್ತವನು ಮುಂದಿನ ಶುಕ್ರವಾರ ಬ್ಯಾಂಡೇಜು ಸುತ್ತಿಕೊಂಡು ಮತ್ತೆ ಹಾಜರು!

ನಮ್ಮವರು ಫ್ಯಾನಿನ ಕೆಳಗೆ ಮಲಗುವುದನ್ನು ಬಿಟ್ಟರು. ಎಲ್ಲ ಬಸ್ಸುಗಳಿಗೂ ಹೊಸ ಬ್ರೇಕ್ ಹಾಕಿಸಿದರು. ಕೋರ್ಟಿನಿಂದ ಆಗದ್ದು ಒಂದು ಪುಟದಿಂದ ಆಯಿತಲ್ಲ! ನಾನು ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ಅದಿರಲಿ.

ಕೊನೆಗೆ ಅವರಿಗೆ ನಿಜವಾಗಿಯೇ ಹೃದಯಾಘಾತವಾಯಿತು. ಫಳ್ನೀರಿನ ಆಸ್ಪತ್ರೆಗೆ ಸೇರಿಸಿದೆವು. ಆ ಶುಕ್ರವಾರದ ಪುಟದಲ್ಲಿ ಧಣಿ ಬಾವಿಯೊಳಗೆ ಹಗ್ಗ ಹಿಡಿದು ನೇತಾಡುತ್ತಿದ್ದ. ಹಗ್ಗದ ಇನ್ನೊಂದು ತುದಿ ತಂಗಿಯ ಕೈಯಲ್ಲಿತ್ತು.

"ಆಶಾ, ಅವಳು ಹಗ್ಗ ಬಿಡ್ತಾಳಾ?" ಎಂದರು ನಮ್ಮವರು. "ಹೋಗಿ ಕೇಳಿಕೊಂಡು ಬಾ."

ಬಸ್ಸು ಹತ್ತಿ ಕುಲಶೇಖರದಲ್ಲಿ ಇವರ ಮನೆಗೆ ಹೋದೆ. ಈಕೆ ಖಾಲಿ ಕಾಗದದ ಮುಂದೆ ಕುಳಿತಿದ್ದರು.

"ನಿಮಗೆ ಎಂತ ಬೇಕು, ಬಾಯಿ?" ಎಂದು ಕೇಳಿದೆ.

"ಎಂತದೂ ಬೇಡ ಅಕ್ಕ. ಅಣ್ಣ ಕುಡಿದಿರಲಿಲ್ಲ ಅಂತ ಅವರು ಒಮ್ಮೆ ಹೇಳ್ಲಿ."

"ಹೇಳಿದ್ರೆ ಮೇಲೆ ಎಳೀತೀರಾ?"

"ನನಗೂ ಗೊತ್ತಿಲ್ಲ ಮಾರಾಯ್ರೆ. ಅವರನ್ನು ಬೀಳಿಸಿದ ದಿನ ನನಗೆ ಒಳ್ಳೆ ನಿದ್ದೆ ಬರ್ತದೆ. ನನಗೆ ಹೆದರಿಕೆ ಇರುವುದು ಆ ನಿದ್ದೆಯದ್ದೇ."

ಬಂದು ಹೇಳಿದೆ. ನಮ್ಮವರು ಗೋಡೆಯ ಕಡೆಗೆ ತಿರುಗಿ ಮಲಗಿದರು. ಮರುದಿನ ಸರ್ವೋತ್ತಮರನ್ನು ಕರೆಸಿ, "ವಾಲ್ಟರ್ ಕುಡಿದಿರಲಿಲ್ಲ. ಬ್ರೇಕ್ ಕೆಟ್ಟದ್ದು ನನಗೆ ಗೊತ್ತಿತ್ತು. ಬರ್ಕೊಳ್ಳಿ" ಎಂದರು. ಪಶ್ಚಾತ್ತಾಪವೇ? ಚಿತ್ರದಲ್ಲಾದರೂ ಬದುಕಿ ಉಳಿಯುವ ಆಸೆಯೇ? ಆಮೇಲೆ ಆರು ವರ್ಷ ಬದುಕಿದರು; ನಾನು ಕೇಳಲಿಲ್ಲ.

ಮುಂದಿನ ಶುಕ್ರವಾರ ಅವರ ಮಾತು ಅಚ್ಚಾಯಿತು. ಪಕ್ಕದಲ್ಲೇ ಚಿತ್ರಕಥೆಯ ಕೊನೆಯ ಕಂತು. ಧಣಿ ಇನ್ನೂ ನೇತಾಡುತ್ತಿದ್ದ. ತಂಗಿ ಹಗ್ಗವನ್ನು ಬೇರೆಯವರಿಗೆ ಕೊಟ್ಟು ಗೇಟು ದಾಟಿ ಹೋಗುತ್ತಿದ್ದಳು. ಹಗ್ಗ ಹಿಡಿದವರ ಕೈಗಳಷ್ಟೇ ಕಾಣುತ್ತಿದ್ದವು: ಗಾಜಿನ ಬಳೆ, ಹೆಬ್ಬೆರಳ ಬುಡದಲ್ಲಿ ಎಣ್ಣೆ ಸಿಡಿದು ಸುಟ್ಟ ಗುರುತು. ಆ ಗುರುತು ಇಗೋ, ನನ್ನ ಕೈಯಲ್ಲಿ, ನೋಡಿ.

ನಮ್ಮವರು ಪುಟ ನೋಡಿದರು, ನನ್ನ ಕೈ ನೋಡಿದರು. ಮದುವೆಯಾದಂದಿನಿಂದ ನನಗೆ 'ದಯವಿಟ್ಟು' ಎನ್ನದವರು, ಆ ದಿನ ಮಾತ್ರೆ ಕೇಳುವಾಗ ಎಂದರು.

ಡುಲ್ಸಿನ್ ಬಾಯಿ, ಒಂದೇ ಭೇಟಿಯಲ್ಲಿ ನೀವು ಅದನ್ನು ಹೇಗೆ ಕಂಡಿರಿ? ಸುಟ್ಟ ಗುರುತನ್ನಲ್ಲ, ನಾನು ಹಗ್ಗ ಬಿಡಲೂಬಹುದು ಎಂಬುದನ್ನು.

ನಾನು ಎಳೆದೆ, ಸಭಿಕರೇ. ಆರು ವರ್ಷ, ನಿಧಾನವಾಗಿ ಮೇಲಕ್ಕೆ ಎಳೆದೆ.

ನನ್ನ ಮಾತನ್ನು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಉಪಕಾರ. ಚಪ್ಪಾಳೆ ಇವರಿಗಿರಲಿ. ನಮಸ್ಕಾರ.