ಖಾಲಿ ವರ್ಷದ ಕಾರಣ

ಮೆಡಿಕಲ್ ಕಾಲೇಜಿಗೆ ಅರ್ಜಿ ಕೊಡುವ ಸಾಲಿನಲ್ಲಿ ನನ್ನ ಮುಂದೆ ಅಕ್ಕತಂಗಿಯರಿಬ್ಬರು ನಿಂತಿದ್ದರು. ಅಕ್ಕ ತಂಗಿಯ ಅರ್ಜಿಯನ್ನು ಕಿತ್ತುಕೊಂಡು ಓದಿದಳು.

“ಒಂದು ವರ್ಷ ಓದು ಬಿಟ್ಟಿದ್ದಕ್ಕೆ ಕಾರಣ ಖಿನ್ನತೆ, ಆಸ್ಪತ್ರೇಲಿ ಚಿಕಿತ್ಸೆ! ತಲೆ ಕೆಟ್ಟಿದೆಯೇನೇ ನಿಂಗೆ?”

“ಕೆಟ್ಟಿತ್ತು. ಅದನ್ನೇ ಬರೆದಿದೀನಿ.”

“ಅಜ್ಜಿಗೆ ಹುಷಾರಿರಲಿಲ್ಲ, ನಾನೇ ನೋಡ್ಕೊಂಡೆ ಅಂತ ಬರಿ. ಅಯ್ಯೋ ಪಾಪ ಅಂತಾರೆ.”

“ಅಜ್ಜಿನೇ ಕಣೇ ನನ್ನ ನೋಡ್ಕೊಂಡಿದ್ದು. ನೀನು ಒಂದಿನ ಇಣುಕಿಯೂ ನೋಡ್ಲಿಲ್ಲ.”

“ಇದನ್ನ ಓದಿದವರು ನಿನ್ನ ಕೈಗೆ ಥರ್ಮಾಮೀಟರೂ ಕೊಡಲ್ಲ. ನಾನು ನಂದನ್ನ ಬರೆದ್ನಾ? ಅದಕ್ಕೇ ಇವತ್ತು ಡಾಕ್ಟರಾಗಿದೀನಿ.”

“ಅದಕ್ಕೇ ಇವತ್ತಿಗೂ ಖಿನ್ನತೆ ಮಾತ್ರೆನ ವಿಟಮಿನ್ ಡಬ್ಬೀಲಿ ಬಚ್ಚಿಟ್ಟು ನುಂಗ್ತೀಯ.”

ನನಗೆ ಕೇಳಿಸಿತೇನೋ ಎಂದು ಅಕ್ಕ ಥಟ್ಟನೆ ಹಿಂದಿರುಗಿ ನೋಡಿದಳು. ಅಷ್ಟರಲ್ಲಿ ತಂಗಿ ಅವಳ ಕೈಯಿಂದ ಅರ್ಜಿ ಎಳೆದುಕೊಂಡು ಕಿಟಕಿಯೊಳಗೆ ಕೊಟ್ಟೇಬಿಟ್ಟಿದ್ದಳು.

“ಆಯ್ತು, ನಡಿಯಮ್ಮ ಡಾಕ್ಟರಮ್ಮ,” ಎಂದು ಹೊರಟಳು.