ಮೆಸೇಜ್ ಕಂಪನಿ ಒಪ್ಪಿದ ಸಾರಿ

ಬಸ್ ಸ್ಟಾಪಿನಲ್ಲಿ ನಿಂತಿದ್ದ ಕಾಲೇಜು ಹುಡುಗಿ ಇಯರ್‌ಫೋನ್ ತೆಗೆಯದೆಯೇ ಹಾಡು ನಿಲ್ಲಿಸಿದಳು. ಎದುರಿಗೇ ಪುಕ್ಕಟೆ ಸಿನಿಮಾ ಶುರುವಾಗಿತ್ತು. ಹೀರೋನ ಕತ್ತಿನಲ್ಲಿ ಕನ್ನಡಕದ ಅಂಗಡಿಯ ಬ್ಯಾಡ್ಜ್ ನೇತಾಡುತ್ತಿತ್ತು. ಹೀರೋಯಿನ್ ಮುಖ ಊದಿಸಿಕೊಂಡಿದ್ದಳು.

"ಸಾರಿ ಕೇಳೋಕೆ ಅಂಗಡಿ ನಂಬರೇ ಬೇಕಿತ್ತೇನೋ?"

"ನನ್ನ ನಂಬರ್ ಬ್ಲಾಕ್ ಮಾಡಿದ್ದೀಯಲ್ಲ ತಾಯೀ!"

"'ಪ್ರಿಯ ಗ್ರಾಹಕರೇ, ನಿಮ್ಮ ಹುಟ್ಟುಹಬ್ಬ ಮರೆತದ್ದಕ್ಕೆ ವಿಷಾದಿಸುತ್ತೇವೆ.' ನಾನು ನಿನ್ನ ಗ್ರಾಹಕಳಾ?"

"ಅಂಗಡಿ ನಂಬರಿಂದ ಮನಸ್ಸಿಗೆ ಬಂದಿದ್ದು ಕಳಿಸೋ ಹಾಗಿಲ್ಲ ಕಣೇ. ಮೊದಲೇ ಬರೆದು ಕೊಡಬೇಕು, ಮೆಸೇಜ್ ಕಂಪನಿಯೋರು ಒಪ್ಪಿದ್ರೇನೇ ಹೋಗೋದು. 'ನೀನಿಲ್ದೆ ನನ್ನ ಎದೆ ಬಡಿತಾನೇ ಇಲ್ಲ' ಅಂತ ಬರೆದಿದ್ದೆ."

"ಆಮೇಲೆ?"

"ಜಾಹೀರಾತು ಅಂತ ವಾಪಸ್ ಕಳಿಸಿದ್ರು."

"ನಿನ್ನನ್ನ ಸರಿಯಾಗಿ ಅಳೆದಿದ್ದಾರೆ ಬಿಡು. ಆ ಗ್ರಾಹಕರ ಸಾರಿ ನಮ್ಮಜ್ಜಿಗೂ ಯಾಕೋ ಬಂತು?"

"ಅಜ್ಜಿ ಕನ್ನಡಕ ನಮ್ಮಲ್ಲೇ ಮಾಡಿಸಿದ್ದಲ್ವಾ? ನಿನ್ನ ಹೆಸರು ಒತ್ತೋಕೆ ಹೋಗಿ 'ಎಲ್ಲರಿಗೂ' ಅನ್ನೋದು ಒತ್ಬಿಟ್ಟೆ."

"ಅಯ್ಯೋ ಪುಣ್ಯಾತ್ಮ! ಊರೋರೆಲ್ಲಾ ಏನಂದ್ರು?"

"'ಪರವಾಗಿಲ್ಲಪ್ಪ' ಅಂತ ಉತ್ತರದ ಮೇಲೆ ಉತ್ತರ. ಓನರ್ ಕೂಡ ಬೈದು ಸುಮ್ಮನಾದ್ರು. ಊರೇ ಕ್ಷಮಿಸಿದೆ, ನಿನ್ನೊಬ್ಬಳದೇ ಬಾಕಿ."

ಹೀರೋಯಿನ್ ನಗು ನುಂಗಲು ಆಚೆ ತಿರುಗಿದಳು. ಅಷ್ಟರಲ್ಲಿ ಬಸ್ ಬಂತು.

"ಬ್ಲಾಕ್ ತೆಗೀತೀನಿ. ಎದೆ ಬಡಿತದ್ದು ಕಳಿಸು. ಒಪ್ಪೋದಾ ಬಿಡೋದಾ ಅಂತ ನಾನೇ ನೋಡ್ತೀನಿ."

"ಈಗ್ಲೇ ಕಳಿಸ್ಲಾ?"

"ಮೊದ್ಲು ಬಸ್ ಹತ್ತೋ, ಪೆದ್ದ!"

ಇಬ್ಬರೂ ಹತ್ತಿದರು. ಕಾಲೇಜು ಹುಡುಗಿ ಹೋಗಬೇಕಾದ ದಾರಿಯ ಬಸ್ ಅದಲ್ಲ. ಆದರೂ ಅವಳ ಒಂದು ಕಾಲು ಆಗಲೇ ಮೆಟ್ಟಿಲ ಮೇಲಿತ್ತು.