‘ಹೋಗಲೇ’ ಅಂದವನಿಗೆ ‘ಬಾ’ ಅನ್ನದ ಊರು

ಇವತ್ತು ತಾಳ್ಮೆಯ ಮೇಲೆ ಮಾತಾಡಿ ಎಂದು ನಿಮ್ಮ ಕಮಿಟಿಯವರು ಹೇಳಿದ್ದಾರೆ. ನೋಡಿ, ತಾಳ್ಮೆಯ ಮೇಲೆ ಮಾತಾಡುವಷ್ಟು ತಾಳ್ಮೆ ಇವತ್ತು ನನ್ನಲ್ಲಿಲ್ಲ. ಸಿಟ್ಟು ಬಂದಿದೆ. ಸ್ವಾಮಿಗಳಿಗೆ ಸಿಟ್ಟು ಬರಬಾರದು ಅಂತೀರಾ? ಕಾವಿ ಉಟ್ಟವನಿಗೆ ಕಾವು ಏರಬಾರದು ಅಂತ ನಾನು ಓದಿದ ಯಾವ ಶಾಸ್ತ್ರದಲ್ಲೂ ಇಲ್ಲ. ಉಪದೇಶ ಆಮೇಲೆ. ಮೊದಲು ಒಂದು ಕತೆ.

ಒಂದು ಊರಿತ್ತು ಅಂದುಕೊಳ್ಳಿ. ಆ ಊರಿಗೊಬ್ಬ ಸಾಹುಕಾರನಿದ್ದ ಅಂದುಕೊಳ್ಳಿ. ಹತ್ತಿ ಜಿನ್ನು ಇತ್ತು, ಎಣ್ಣೆ ಮಿಲ್ಲು ಇತ್ತು, ಸಕ್ಕರೆ ಕಾಯಿಲೆಯೂ ಇತ್ತು. ಸಿಹಿ ತಿನ್ನುವಂತಿಲ್ಲ, ಖಾರ ತಿನ್ನುವಂತಿಲ್ಲ. ಉಳಿದಿದ್ದ ಒಂದೇ ಚಟ ಫುಟ್‌ಬಾಲು. ಊರಿನ ತಂಡವನ್ನು ಸಾಕಿದವನು ಅವನೇ. ತಂಡ ಹೇಗಿತ್ತು? ಗೋಲಿಗಿಂತ ಗೋಳೇ ಜಾಸ್ತಿ. ಪಕ್ಕದ ತಾಲ್ಲೂಕಿನವರು ಬರುತ್ತಿದ್ದರು, ಗೋಲು ಹೊಡೆಯುತ್ತಿದ್ದರು, ಗಿರ್ಮಿಟ್ಟು ಮಿರ್ಚಿ ತಿನ್ನುತ್ತಿದ್ದರು, ಹೋಗುತ್ತಿದ್ದರು.

ಆ ತಂಡದ ಕ್ಯಾಪ್ಟನ್ನು ಊರಿನ ಶಾಲೆಯ ಮಾಸ್ತರ. ಒಳ್ಳೆಯ ಮನುಷ್ಯ. ಊರಿನ ಅರ್ಧ ಜನ ಅವನ ಕೈಯಲ್ಲಿ ಪೆಟ್ಟು ತಿಂದೇ ಮಗ್ಗಿ ಕಲಿತವರು. ಹಾಗಾಗಿ ಅವನನ್ನು ‘ನೀನು’ ಅನ್ನುವವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಾಹುಕಾರ ಒಂದು ದಿನ ಹಟಕ್ಕೆ ಬಿದ್ದು, ರೈಲು ಬದಲಿಸಿ ಬದಲಿಸಿ ಬರುವಷ್ಟು ದೂರದ, ಮಣಿಪುರದ ಕಡೆಯ ಒಬ್ಬ ಹುಡುಗನನ್ನು ತಂಡಕ್ಕೆ ಕರೆಸಿದ. ಸ್ಟೇಷನ್ನಿಗೆ ಇಡೀ ಊರೇ ಹೋಯಿತು. ಹಾರ ಏನು, ಹಲಗೆ ಬಡಿತ ಏನು, ಬ್ಯಾನರು ಏನು! ಬ್ಯಾನರಿನಲ್ಲಿ ಸಾಹುಕಾರನ ಮುಖ ಬಾಗಿಲಷ್ಟು, ಆಟಗಾರನ ಮುಖ ಅಂಚೆಚೀಟಿಯಷ್ಟು. "ಹುಲಿ ಬಂತಲೇ ಹುಲಿ!" ಅಂತ ಕೂಗಿದರು. ನೋಡಿ, ಅವನು ಇನ್ನೂ ಚೆಂಡು ಮುಟ್ಟಿಲ್ಲ. ಆಗಲೇ ಹುಲಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಇದು. ತೆಗಳುವ ಅವಸರಕ್ಕಿಂತ ಮೊದಲು ಹೊಗಳುವ ಅವಸರ ಇರುತ್ತದೆ. ಎರಡೂ ಒಂದೇ ರೋಗ.

ತಾಲೀಮಾದರೂ ಆಯಿತೇ? ಎಲ್ಲಿಯದು! ಪಂದ್ಯಕ್ಕೆ ಮೊದಲಿದ್ದ ಒಂದೆರಡು ದಿನ ಸಾಹುಕಾರನ ಬೀಗರ ಮನೆ, ಬೀಗರ ಬೀಗರ ಮನೆ, ಎಲ್ಲ ಕಡೆ ಸನ್ಮಾನ. ಹುಡುಗನಿಗೆ ಬೆವರು ಬಂದದ್ದು ಓಡಿ ಅಲ್ಲ, ಶಾಲು ಹೊದ್ದು.

ಅವನನ್ನು ಇಳಿಸಿದ್ದು ಒಬ್ಬ ಅಜ್ಜಿಯ ಮನೆಯಲ್ಲಿ, ಎಮ್ಮೆ ಕಟ್ಟುವ ಜಾಗದ ಪಕ್ಕದ ಕೋಣೆಯಲ್ಲಿ. ಅವನಿಗೆ ಕನ್ನಡ ಬಾರದು. ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಬಾರದು. ಅಜ್ಜಿ ಬೆಳಿಗ್ಗೆ ಎಮ್ಮೆಯನ್ನು ಕೆರೆಗೆ ಹೊಡೆಯುತ್ತಿದ್ದಳು. ಅದರ ಬೆನ್ನಿನ ಮೇಲೆ ಅಂಗೈ ಇಟ್ಟು, "ಹೋಗಲೇ... ಹೋಗಲೇ ನನ್ನವ್ವಾ, ಹೋಗಲೇ" ಅನ್ನುತ್ತಿದ್ದಳು. ಎಮ್ಮೆ ತಲೆ ಎತ್ತಿ ಮುಂದಕ್ಕೆ ಓಡುತ್ತಿತ್ತು. ಹುಡುಗ ಕಿಟಕಿಯಿಂದ ನೋಡುತ್ತಿದ್ದ. ಅವನು ಏನು ಅರ್ಥ ಮಾಡಿಕೊಂಡಿರಬೇಕು, ನೀವೇ ಹೇಳಿ. ‘ಹೋಗಲೇ’ ಅಂದರೆ ಮುಂದಕ್ಕೆ ಓಡು. ಪ್ರೀತಿಯಿಂದ ಹೇಳುವ ಮಾತು. ಅವನು ನಮ್ಮ ಭಾಷೆಯಲ್ಲಿ ಕಲಿತ ಮೊದಲ ಶಬ್ದ.

ಭಾನುವಾರ ಪಂದ್ಯ. ಮೈದಾನದ ಸುತ್ತ ಸಾವಿರ ತಲೆ. ಹುಡುಗನ ಕಾಲಿಗೆ ಚೆಂಡು ಬಂತು. ಅವನು ತಲೆ ಎತ್ತಿ ನೋಡಿದ. ಮಾಸ್ತರ ಮಧ್ಯದಲ್ಲಿ ನಿಂತಿದ್ದಾನೆ, ಅವನ ಮುಂದೆ ಗೋಲಿನ ತನಕ ಬಯಲು ಖಾಲಿ. ಹುಡುಗ ಚೆಂಡನ್ನು ಆ ಖಾಲಿ ಜಾಗಕ್ಕೆ ಒದ್ದ. ಒದ್ದು, ಎದೆ ತುಂಬಿ ಕೂಗಿದ: "ಹೋಗಲೇ!"

ಮಾಸ್ತರ ನಿಂತೇಬಿಟ್ಟ. ಸೊಂಟದ ಮೇಲೆ ಕೈ ಇಟ್ಟ. "ಯಾರಿಗಂದಿ?" ಅಂದ. ಚೆಂಡು ಉರುಳಿ ಉರುಳಿ ಗೆರೆ ದಾಟಿ, ಕಡಲೆ ಮಾರುವವನ ಬುಟ್ಟಿಗೆ ಬಡಿಯಿತು.

ಮತ್ತೆ ಚೆಂಡು ಬಂತು. ಮತ್ತೆ ಖಾಲಿ ಜಾಗಕ್ಕೆ ಒದ್ದ. ಮತ್ತೆ "ಹೋಗಲೇ!" ಈ ಸಲ ಕೈ ಬೀಸಿ ಬೇರೆ ಕೂಗಿದ. ಮಾಸ್ತರನ ಕಿವಿ ಕೆಂಪಾಯಿತು, ಅವನು ಆ ಹುಡುಗನ ಕಡೆಗೆ ನೋಡುವುದನ್ನೇ ಬಿಟ್ಟ. ಉಳಿದವರೂ ಬಿಟ್ಟರು. ತಂಡ ಎಂದಿನಂತೆ ಸೋತಿತು.

ಆಮೇಲೆ ಶುರುವಾಯಿತು ನೋಡಿ, ಎರಡನೇ ಪಂದ್ಯ. ಬಾಯಿಂದ ಆಡುವ ಪಂದ್ಯ. ಸೇತುವೆ ಕಟ್ಟೆಯ ಮೇಲೆ ಕೂರುವ ಪಿಂಚಣಿದಾರ, ಹಲ್ಲಿನ ಸೆಟ್ಟು ಸರಿಮಾಡಿಕೊಂಡು: "ನಾ ಅವನ ಕಾಲ ನೋಡಿದ ಕೂಡ್ಲೇ ಅಂದಿದ್ದೆ. ಈ ಕಾಲು ಬರೂದಿಲ್ಲ ಅಂತ. ಅಂದಿದ್ದಿಲ್ಲೇನು?" ಪಾನಂಗಡಿಯವನು, ಬಾಯಲ್ಲಿ ಎಲೆ ಇಟ್ಟುಕೊಂಡೇ: "ಯಾಊ ಇಲ್ಲದ ಕಏ ಚೆಂಊ ಒಗೀತಾನಯೀ!" ಅಂದರೆ, ಯಾರೂ ಇಲ್ಲದ ಕಡೆ ಚೆಂಡು ಒಗೀತಾನ ಅಂತ. ಮೊಬೈಲು ಹಿಡಿದ ತರುಣ, ಮೈದಾನದಲ್ಲಿ ಒಂದು ಸುತ್ತು ಓಡಿದರೆ ಆಂಬುಲೆನ್ಸ್ ಬೇಕಾಗುವವನು: "ಹುಲಿ ಅಲ್ರಿ ಇದು, ಇಲಿ. ಕಳಸ್ರಿ ವಾಪಸ್ಸು." ಇನ್ನೊಬ್ಬ: "ಸೊಕ್ಕು ನೋಡಲೇ ಅವಂದು! ನಮ್ಮ ಮಾಸ್ತರಗ ‘ಹೋಗಲೇ’ ಅಂತಾನ, ಖೋಡಿ."

ಅಭಿಮಾನಿಗಳಂತೆ. ಇಂಗ್ಲಿಷಿನಲ್ಲಿ ಫ್ಯಾನ್ ಅಂತೀರಿ. ಫ್ಯಾನಿನ ಕೆಲಸ ಏನು? ಬೆವರಿದವನಿಗೆ ಗಾಳಿ ಹಾಕೋದು. ಇವರು ಗಾಳಿ ಹಾಕಿದ್ದು ಬೆಂಕಿಗೆ. ಚೆಂಡಿನಲ್ಲೂ ಗಾಳಿಯೇ ಇರುವುದು ನಿಜ, ಆದರೆ ಅದು ಒದ್ದ ಕಡೆಗಾದರೂ ಹೋಗುತ್ತದೆ.

ಸಾಹುಕಾರ ಅಲ್ಲೇ, ಮೈದಾನದಲ್ಲೇ, ತೀರ್ಪು ಕೊಟ್ಟ. "ಊರಮಂದಿ ಬ್ಯಾಡ ಅಂದ್ರ ಬ್ಯಾಡ. ಬುಧವಾರದ ಗಾಡಿಗೆ ಕಳಸ್ರಿ." ಅದೇ ಸಾಹುಕಾರ ಸಂತೆಯಲ್ಲಿ ಎತ್ತು ತಂದರೆ, ನೊಗಕ್ಕೆ ಹೊಂದಿಕೊಳ್ಳಲಿ ಅಂತ ಒಂದು ಹಂಗಾಮು ಬಿಡುತ್ತಾನೆ. ಮನುಷ್ಯನಿಗೆ ಒಂದು ಮಧ್ಯಾಹ್ನ! ಕಾಲು ನೋಡಿದರು, ಕಾಲ ಕೊಡಲಿಲ್ಲ. ಒಂದೇ ಪಂದ್ಯಕ್ಕೆ ವಾಪಸು ಬಂದ ಆಟಗಾರನನ್ನು ಬೇರೆ ಯಾವ ತಂಡ ಮುಟ್ಟುತ್ತದೆ? ಕಾಲಿಗೆ ಏನೋ ಆಗಿದೆ, ಇಲ್ಲವೆ ನಡತೆಗೆ ಏನೋ ಆಗಿದೆ ಅಂತಾರೆ. ಆ ಹುಡುಗನಿಗೆ ಹೋಗುತ್ತಿದ್ದದ್ದು ಒಂದು ಪಂದ್ಯ ಅಲ್ಲ, ಆಟವೇ.

ಸೋಮವಾರ ಬೆಳಿಗ್ಗೆ ತಂಡದ ಅಂಗಿ ವಾಪಸು ಇಸಿದುಕೊಳ್ಳಲು ಮಾಸ್ತರ ಅಜ್ಜಿಯ ಮನೆಗೆ ಹೋದ. ಅಜ್ಜಿಗೆ ಮೊಣಕಾಲು ನೋವು, ಹೊಸ್ತಿಲಲ್ಲಿ ಕೂತಿದ್ದಾಳೆ. ಎಮ್ಮೆಯನ್ನು ಕೆರೆಗೆ ಹೊಡೆಯುತ್ತಿರುವವನು ಹುಡುಗ. ಅದರ ಬೆನ್ನಿನ ಮೇಲೆ ಅಂಗೈ ಇಟ್ಟಿದ್ದಾನೆ. ಮಗುವಿಗೆ ಹೇಳುವಂತೆ ಹೇಳುತ್ತಿದ್ದಾನೆ: "ಹೋಗಲೇ... ಹೋಗಲೇ ನನ್ನವ್ವಾ."

ಮಾಸ್ತರ ಗೋಡೆಗೆ ಕೈ ಕೊಟ್ಟು ನಿಂತ. ಪಾಠ ಹೇಳುವವನಿಗೆ ಪಾಠ ಅರ್ಥವಾಗಲು ಎಷ್ಟು ಹೊತ್ತು? ಶಬ್ದ ಅರ್ಥವಾಯಿತು. ಶಬ್ದದ ಹಿಂದೆಯೇ ಚೆಂಡೂ ಅರ್ಥವಾಯಿತು. ಅದು ಯಾರೂ ಇಲ್ಲದ ಕಡೆಗೆ ಹೋದ ಚೆಂಡಲ್ಲ, ತಾನು ಓಡಿ ಮುಟ್ಟಬೇಕಿದ್ದ ಕಡೆಗೆ ಹೋದ ಚೆಂಡು. ಹುಡುಗ ಎರಡು ಸಲ ಗೋಲಿನ ಬಾಗಿಲು ತೆರೆದು ‘ಒಳಗೆ ಹೋಗಿ ಮಾಸ್ತರ’ ಅಂದಿದ್ದ. ಮಾಸ್ತರ ಬಾಗಿಲಲ್ಲೇ ನಿಂತು ಮರ್ಯಾದೆ ಲೆಕ್ಕ ಹಾಕಿದ್ದ.

ಅಂಗಿ ಕೇಳಲು ಬಾಯಿ ಬರಲಿಲ್ಲ. ನೇರ ಚಾದಂಗಡಿಗೆ ಬಂದ. "ಅಂವ ನನಗ ಬೈದಿಲ್ರೋ. ಅಜ್ಜಿ ಎಮ್ಮಿಗಿ ಅನ್ನೋದನ್ನ ಕೇಳಿ ಕಲ್ತಾನ. ಓಡ್ರಿ ಅಂತ ಅಂದಾನ."

ಯಾರೋ ಒಬ್ಬ ಬಸಿಯಲ್ಲಿದ್ದ ಚಾಕ್ಕೆ ಊದುತ್ತ ಅಂದ: "ಅಂದ್ರ ಮಾಸ್ತರ, ಎಮ್ಮಿಗಿ ಅನ್ನೋ ಮಾತು ನಿಮಗಂದಾನ? ಇದಂತೂ ಭಾಳ ಚೊಲೋ ಆತು!"

ನಕ್ಕರು. ಚಾದಂಗಡಿ ಹೆಂಚು ಹಾರುವ ಹಾಗೆ ನಕ್ಕರು. "ಎಮ್ಮಿ ಮಾಸ್ತರ!" ಅಂದರು. ಮಾಸ್ತರನ ಮುಖ ಮೊದಲು ಬಾಡಿತು. ಆಮೇಲೆ, ಇದು ನೋಡಿ, ಇದು ನನ್ನ ಹೊಟ್ಟೆಗೆ ಬೆಂಕಿ ಹಾಕಿದ್ದು, ಆಮೇಲೆ ಅವನೂ ನಕ್ಕ. ನಕ್ಕು ಚಾ ಕುಡಿದ. ಕಪ್ಪು ಇಟ್ಟು ಎದ್ದುಹೋದ.

ತಪ್ಪು ತಿಳಿದುಕೊಂಡದ್ದಕ್ಕೆ ನನ್ನ ಸಿಟ್ಟಿಲ್ಲ. ಯಾರಾದರೂ ತಪ್ಪು ತಿಳಿಯುತ್ತಾರೆ. ನಾನೂ ಆ ಮೈದಾನದಲ್ಲಿದ್ದರೆ ಸೊಕ್ಕು ಅಂತಲೇ ಅಂದುಕೊಳ್ಳುತ್ತಿದ್ದೆ. ನನ್ನ ಸಿಟ್ಟು ಆ ನಗುವಿನ ಮೇಲೆ. ಸತ್ಯ ಬಂದು ಬೆಂಚಿನ ಮೇಲೆ ಕೂತು ಚಾ ಹೇಳಿತು. ಅದನ್ನು ನಕ್ಕು ಎಬ್ಬಿಸಿ ಕಳಿಸಿದಿರಿ.

ಹೌದು. ‘ಕಳಿಸಿದಿರಿ’ ಅಂದೆ. ನಾಲಿಗೆ ತಪ್ಪಲಿಲ್ಲ.

ಯಾಕೆ ಅತ್ತ ಇತ್ತ ನೋಡುತ್ತಿದ್ದೀರಿ? ಒಂದು ಊರು ಅಂದಾಗ ಯಾವ ಊರು ಅಂತ ಒಬ್ಬರೂ ಕೇಳಲಿಲ್ಲ. ಕಂಬದ ಹಿಂದೆ ಸರಿದು ಕೂತ ಪಿಂಚಣಿದಾರರೇ, ಕಂಬ ನಿಮಗಿಂತ ಸಣ್ಣದಿದೆ, ಈಚೆ ಬನ್ನಿ. ಸಾಹುಕಾರರೇ, ಈ ಮಂಟಪದ ಫ್ಯಾನುಗಳ ಮೇಲೆ ನಿಮ್ಮ ಹೆಸರಿದೆ, ಗಾಳಿ ಬರುತ್ತಿದೆ, ಸಂತೋಷ. ಮಾಸ್ತರ ವಿರೂಪಾಕ್ಷಪ್ಪನವರು ನಿನ್ನೆ ಸಂಜೆ ಮಠಕ್ಕೆ ಬಂದಿದ್ದರು. ಕಣ್ಣೀರು ಹಾಕಿದರು. "ಅಜ್ಜಾರ, ನನ್ನ ಬಾಯಾಗ ಆಗವಲ್ದು. ಪ್ರವಚನದಾಗ ನೀವ ಹೇಳಿಬಿಡ್ರಿ" ಅಂದರು. ಹೇಳಿದೆ. ಆದರೆ ಮಾಸ್ತರ, ತಪ್ಪು ಮಾಡುವಾಗ ಆಡಿದವರು ನೀವು, ತಪ್ಪು ಒಪ್ಪುವಾಗ ಬದಲಿ ಆಟಗಾರ ನಾನೇ? ನನ್ನನ್ನು ಬೆಂಚಿನಿಂದ ಎಬ್ಬಿಸಬೇಡಿ. ನಿಮ್ಮ ಕಾಲಿಗೆ ಬಂದ ಚೆಂಡು ನೀವೇ ಒದೆಯಿರಿ.

ತಾಯಂದಿರು ನಗುತ್ತಿದ್ದೀರಿ, ಗಂಡಸರ ಆಟ ನಮಗೇನು ಅಂತ. ಸ್ವಲ್ಪ ತಡೆಯಿರಿ. ಹೊಸ ಸೊಸೆ ಹೊಸ್ತಿಲಲ್ಲಿ ಸೇರಕ್ಕಿ ಒದ್ದು ಒಳಗೆ ಬರುತ್ತಾಳಲ್ಲ, ಅದೂ ಮೊದಲ ಪಂದ್ಯವೇ. ಅಕ್ಕಿ ದೂರ ಚೆಲ್ಲಿದರೆ "ದುಂದುಗಾತಿ". ಹತ್ತಿರ ಬಿದ್ದರೆ "ಕೈ ಬಿಗಿ". ಸೇರು ಇಟ್ಟದ್ದು ಅವಳು ಮನೆ ಸೇರಲಿ ಅಂತ. ನೀವು ಅದನ್ನು ಅಳತೆಗೆ ಇಟ್ಟಿರಿ. ಮಂಗಳೂರ ಕಡೆಯ ಒಬ್ಬ ಹುಡುಗಿ ಈ ಓಣಿಗೇ ಸೊಸೆಯಾಗಿ ಬಂದಳು. ಮದುವೆಯಾದ ಮರುದಿನ ಅತ್ತೆಯ ಚಿಂತೆ ನೋಡಿ, "ಅತ್ತೆ, ಮಂಡೆಬಿಸಿ ಮಾಡ್ಕೊಳ್ಬೇಡಿ" ಅಂದಳು. ಅವರ ಕಡೆ ಅದು ‘ಚಿಂತೆ ಮಾಡಬೇಡಿ’ ಅನ್ನುವ ಅಕ್ಕರೆ. ಇಲ್ಲಿ ಮಂಡಿ ಅಂದರೆ ಮೊಣಕಾಲು. ಅತ್ತೆ ಏನಂದರು? "ನನ್ನ ತಲಿಗಿ ಮಂಡಿ ಅಂತಾಳಲ್ಲ ಈಕಿ!" ಅಷ್ಟೇ. ಸೊಕ್ಕಿನಾಕಿ ಅಂತ ಮುದ್ರೆ ಬಿತ್ತು. ಆ ಸೊಸೆಯ ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದರೂ ಮುದ್ರೆ ಇನ್ನೂ ಹಸಿ ಇದೆ. ಆ ಅತ್ತೆ ಯಾರು ಅಂತ ಹೇಳುವುದಿಲ್ಲ. ಇಷ್ಟು ಹೊತ್ತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು, ಈಗ ಸೆರಗು ಸರಿಮಾಡಿಕೊಳ್ಳುತ್ತಿದ್ದಾರೆ.

ಈಗ ಕೇಳಿ, ನಾಳೆಯಿಂದ ಏನು ಮಾಡಬೇಕು. ಹೊಸಬರು ಯಾರೇ ಬರಲಿ, ಸೊಸೆ ಬರಲಿ, ಅಂಗಡಿಗೆ ಆಳು ಬರಲಿ, ಶಾಲೆಗೆ ಹೊಸ ಹುಡುಗ ಬರಲಿ, ಅವರ ಮಾತು ನಿಮ್ಮನ್ನು ಚುಚ್ಚಿದರೆ, ತೀರ್ಪು ಹೇಳುವ ಮೊದಲು ಅವರನ್ನೇ ಕೇಳಿ: ಹೀಗಂದೆಯಲ್ಲ, ನಿಮ್ಮ ಕಡೆ ಇದಕ್ಕೆ ಏನರ್ಥ? ಇಷ್ಟೇ. ಅವರ ಚೆಂಡು ನಿಮ್ಮ ಕಾಲಿಗೆ ಬಂದು ಬೀಳಲಿಲ್ಲ ಅಂದರೆ, ಒಂದು ಸಲ, ಒಂದೇ ಒಂದು ಸಲ, ಓಡಿ ನೋಡಿ. ಮತ್ತೆ ನೀವು ತಪ್ಪು ಅಂತ ಗೊತ್ತಾದ ದಿನ, ಬೈದದ್ದು ಎಲ್ಲಿಯೋ ಅಲ್ಲೇ ಹೋಗಿ ಒಪ್ಪಿಕೊಳ್ಳಿ. ಮೈದಾನದಲ್ಲಿ ಬೈದು ಮಠದಲ್ಲಿ ಅಳುವುದು ಬೇಡ. ಇಲ್ಲಿ ಬೇಕಾದಷ್ಟು ನೀರಿದೆ.

ಇನ್ನೊಂದು ಮಾತು. ನಮ್ಮ ಭಾಷೆ ಎಂಥದ್ದು ನೋಡಿ. ಮನೆಯಿಂದ ಹೊರಟವನಿಗೆ ನಾವು ‘ಹೋಗು’ ಅನ್ನುವುದಿಲ್ಲ, ಅಪಶಕುನ. ‘ಹೋಗಿ ಬಾ’ ಅನ್ನುತ್ತೇವೆ. ಹೊರಡುವವನೂ ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅನ್ನುತ್ತಾನೆ. ಹೋಗುವವನಿಗೇ ‘ಬಾ’ ಅನ್ನುವ ಜನ ನಾವು. ಬಂದವನಿಗೆ ‘ಹೋಗು’ ಅಂದೆವು!

ಆ ಹುಡುಗನಿಗೆ ಒಂದು ಹೆಸರಿದೆ. ಇಷ್ಟು ಹೊತ್ತು ನಾನೂ ಹೇಳಲಿಲ್ಲ, ನೀವೂ ಕೇಳಲಿಲ್ಲ. ಬ್ಯಾನರಿನಲ್ಲೂ ತಪ್ಪಾಗಿ ಬರೆಸಿದ್ದಿರಿ. ಇಬೋಮ್ಚಾ. ಎಲ್ಲರೂ ಒಮ್ಮೆ ಅನ್ನಿ. ಜೋರಾಗಿ. ಮಾಸ್ತರ, ನಿಮ್ಮ ದನಿ ಕೇಳಲಿಲ್ಲ.

ಹಾಂ, ಈಗ ಕೇಳಿತು.

ಇವತ್ತು ಮಂಗಳವಾರ. ಬುಧವಾರದ ಗಾಡಿ ನಾಳೆ ಬರುತ್ತದೆ. ಈ ಕತೆಯ ಕೊನೆ ನನ್ನ ಹತ್ತಿರ ಇಲ್ಲ. ಮಂಗಳಾರತಿ ಇವತ್ತು ತಡವಾಗಲಿ, ದೇವರಿಗೆ ತಾಳ್ಮೆ ಇದೆ. ಎದ್ದು ಆ ಅಜ್ಜಿಯ ಮನೆಗೆ ಹೋಗಿ. ನಮ್ಮ ಭಾಷೆಯಲ್ಲಿ ಅವನಿಗೆ ಅರ್ಧ ಮಾತು ಮಾತ್ರ ಗೊತ್ತು. ಉಳಿದರ್ಧ ನೀವು ಕಲಿಸಬೇಕು. ಮಾಸ್ತರ, ನೀವು ಮುಂದೆ ನಡೆಯಿರಿ, ಕಲಿಸುವುದು ನಿಮ್ಮ ಕೆಲಸ.

ಯಾಕೆ ಇನ್ನೂ ಕೂತಿದ್ದೀರಿ? ಚೆಂಡು ಮುಂದೆ ಬಿದ್ದಿದೆ.

ಹೋಗಲೇ!